ಸಂದೇಶಕ್ಕಿಂತ ಮೊದಲು ಸಾಲು: ಸಾಮಾಜಿಕ ಆಶಯದ ಪದ್ಯಗಳನ್ನು ಅರ್ಥೈಸುವ ಬಗೆ

ಹತ್ತನೆಯ ತರಗತಿಯ ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ಒಂದು ಪದ್ಯಭಾಗವನ್ನು ಕೊಟ್ಟು, ಅದರಲ್ಲಿ ಅಡಕವಾಗಿರುವ ಮೌಲ್ಯವನ್ನು ಆಧರಿಸಿ ಸಾರಾಂಶ ಬರೆಯಿರಿ ಎಂದು ಕೇಳುವ ರೂಢಿಯಿದೆ. ಇಂಥ ಪ್ರಶ್ನೆಯ ಉತ್ತರಗಳನ್ನು ತಿದ್ದಲು ಕುಳಿತವರಿಗೆ ಒಂದು ವಾಕ್ಯ ಮತ್ತೆ ಮತ್ತೆ ಎದುರಾಗುತ್ತದೆ: "ಈ ಪದ್ಯದಲ್ಲಿ ಕವಿಯು ಸಮಾನತೆಯ ಸಂದೇಶವನ್ನು ಸಾರಿದ್ದಾರೆ, ನಾವೆಲ್ಲರೂ ಒಂದೇ ಎಂಬ ಭಾವನೆಯಿಂದ ಬಾಳಬೇಕು." ಈ ವಾಕ್ಯದಲ್ಲಿ ತಪ್ಪು ಹುಡುಕಲು ಹೋದರೆ ಏನೂ ಸಿಗುವುದಿಲ್ಲ. ಅದೇ ವಾಕ್ಯವನ್ನು ಬಸವಣ್ಣನ ವಚನಕ್ಕೂ, ಸರ್ವಜ್ಞನ ತ್ರಿಪದಿಗೂ, ಇಪ್ಪತ್ತನೆಯ ಶತಮಾನದ ಕವಿತೆಗೂ ಒಂದಕ್ಷರ ಬದಲಿಸದೆ ಅಂಟಿಸಬಹುದು ಎಂಬುದೇ ಅದರ ದೋಷ. ಆದ್ದರಿಂದ ಸಾಮಾಜಿಕ ಆಶಯವಿರುವ ಯಾವುದೇ ಪದ್ಯವನ್ನು ಅಭ್ಯಾಸ ಮಾಡುವಾಗ ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುವ ಒರೆಗಲ್ಲು ಒಂದೇ: ನೀವು ಬರೆದ ಸಂದೇಶ ಇನ್ನೊಂದು ಪದ್ಯಕ್ಕೂ ಹಾಗೆಯೇ ಹೊಂದುವುದಾದರೆ, ಈ ಪದ್ಯವನ್ನು ನೀವು ಇನ್ನೂ ಓದಿಲ್ಲವೆಂದು ತಿಳಿಯಿರಿ.

ಹಾಗಾದರೆ ಓದುವುದು ಎಲ್ಲಿಂದ? ಪದವಿಭಾಗದಿಂದ. ಇದು ಸಪ್ಪೆಯಾದ ಕೆಲಸವೆಂದು ತೋರಬಹುದು, ಆದರೆ ಹಳಗನ್ನಡ, ನಡುಗನ್ನಡದ ಪದ್ಯಗಳಲ್ಲಿ ಅರ್ಥ ಕೆಡುವುದು ಬಹುಪಾಲು ಇಲ್ಲಿಯೇ. ಆಯ್ದಕ್ಕಿ ಲಕ್ಕಮ್ಮನ ವಚನವನ್ನು ತೆಗೆದುಕೊಳ್ಳಿ: "ಆಸೆಯೆಂಬುದು ಅರಸಿಂಗಲ್ಲದೆ ಶಿವಭಕ್ತರಿಗುಂಟೆ ಅಯ್ಯಾ? ರೋಷವೆಂಬುದು ಯಮದೂತರಿಗಲ್ಲದೆ ಅಜಾತರಿಗುಂಟೆ ಅಯ್ಯಾ? ಈಸಕ್ಕಿಯಾಸೆ ನಿಮಗೇಕೆ? ಈಶ್ವರನೊಪ್ಪ. ಮಾರಯ್ಯಪ್ರಿಯ ಅಮರೇಶ್ವರಲಿಂಗಕ್ಕೆ ದೂರ ಮಾರಯ್ಯಾ." ಇಲ್ಲಿ 'ಈಸಕ್ಕಿ' ಎಂಬುದನ್ನು ಯಾವುದೋ ಅಕ್ಕಿಯ ತಳಿಯ ಹೆಸರೆಂದು ಭಾವಿಸಿ ಮುಂದೆ ಹೋಗುವ ಮಕ್ಕಳಿದ್ದಾರೆ. ಬಿಡಿಸಿದರೆ ಅದು ಈಸು ಮತ್ತು ಅಕ್ಕಿ, ಅಂದರೆ ಇಷ್ಟು ಅಕ್ಕಿ. 'ಅರಸಿಂಗಲ್ಲದೆ' ಎಂಬುದು ಅರಸಿಂಗೆ ಮತ್ತು ಅಲ್ಲದೆ, ಅಂದರೆ ಅರಸನಿಗಲ್ಲದೆ. ಇಷ್ಟು ಬಿಡಿಸಿದ ಮೇಲೆ ವಚನದ ದೃಶ್ಯ ಕಣ್ಣಿಗೆ ಬರುತ್ತದೆ: ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದೇ ಕಾಯಕವಾಗಿದ್ದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದಿದ್ದಾನೆ, ಹೆಂಡತಿ ಅದನ್ನು ನೋಡಿ "ಇಷ್ಟು ಅಕ್ಕಿ ಏಕೆ?" ಎಂದು ಕೇಳುತ್ತಿದ್ದಾಳೆ.

ಇಡೀ ವಚನದ ಭಾರ ನಿಂತಿರುವುದು 'ಈಸು' ಎಂಬ ಒಂದು ಪುಟ್ಟ ಮಾತಿನ ಮೇಲೆ. ಆಸೆಯೇ ದುಃಖಕ್ಕೆ ಮೂಲ ಎಂಬ ಸಾಮಾನ್ಯ ನೀತಿಯನ್ನು ಲಕ್ಕಮ್ಮ ಹೇಳುತ್ತಿಲ್ಲ, ಅಳತೆಯನ್ನು ತೋರಿಸುತ್ತಿದ್ದಾಳೆ. ನಿತ್ಯ ತರುವಷ್ಟು ತಂದರೆ ಅದು ಕಾಯಕ, ಅದಕ್ಕಿಂತ ಒಂದು ಹಿಡಿ ಹೆಚ್ಚಾದರೆ ಅದು ಅರಸನ ಗುಣ. ಭಿಕ್ಷುಕನಷ್ಟೇ ಬಡವನಾದವನು ಸೆರಗಿನ ಅಕ್ಕಿಯ ಲೆಕ್ಕದಲ್ಲಿ ಅರಸನಾಗಿಬಿಡಬಹುದು ಎಂಬ ಈ ಹೋಲಿಕೆ ಬಹಳ ತೀಕ್ಷ್ಣವಾದದ್ದು. ಜೊತೆಗೆ ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದನ್ನು ಗಮನಿಸಬೇಕು. ಹೆಂಡತಿ ಗಂಡನಿಗೆ ಹೇಳುತ್ತಿದ್ದಾಳೆ, 'ನಿಮಗೇಕೆ' ಎಂದು ಗೌರವದ ಬಹುವಚನ ಬಳಸುತ್ತಲೇ 'ಮಾರಯ್ಯಾ' ಎಂದು ಹೆಸರು ಹಿಡಿದು ಕರೆಯುತ್ತಾಳೆ, ಗಂಡನ ಹೆಸರನ್ನೇ ಅಂಕಿತದಲ್ಲಿ ಇರಿಸಿಕೊಂಡ ದೇವರಿಗೆ ಆ ಗಂಡನೇ ಈಗ ದೂರವೆಂದು ತೀರ್ಪು ಕೊಡುತ್ತಾಳೆ. ಸ್ತ್ರೀ ಸಮಾನತೆಯ ಬಗ್ಗೆ ಈ ವಚನದಲ್ಲಿ ಒಂದು ಪದವೂ ಇಲ್ಲ. ಆದರೂ ಹನ್ನೆರಡನೆಯ ಶತಮಾನದ ಒಬ್ಬ ಶ್ರಮಿಕ ಹೆಂಗಸು ಗಂಡನ ನಡೆಯನ್ನು ಹೀಗೆ ಪ್ರಶ್ನಿಸಬಲ್ಲವಳಾಗಿದ್ದಳು ಎಂಬುದು ಮಾತಿನ ರೀತಿಯಲ್ಲೇ ಕಾಣುತ್ತದೆ, ಮತ್ತು ಉತ್ತರದಲ್ಲಿ ಇದನ್ನು ಬರೆಯಬಹುದು, ಏಕೆಂದರೆ ತೋರಿಸಲು ನಿಮ್ಮ ಬಳಿ ಸಾಲು ಇದೆ.

ನುಡಿಗಟ್ಟುಗಳ ವಿಷಯದಲ್ಲಿಯೂ ಇಂಥದೇ ಎಚ್ಚರ ಬೇಕು. ಬೇಂದ್ರೆಯವರ "ಕುರುಡು ಕಾಂಚಾಣ" ಕವಿತೆಯಲ್ಲಿ ಹಣವು ಕುಣಿಯುತ್ತ "ಕಾಲಿಗೆ ಬಿದ್ದವರ" ತುಳಿಯುತ್ತದೆ. ಕಾಲಿಗೆ ಬೀಳುವುದೆಂದರೆ ನಮ್ಮ ನುಡಿಯಲ್ಲಿ ಕಾಲಡಿಗೆ ಸಿಕ್ಕುವುದೂ ಹೌದು, ನಮಸ್ಕರಿಸಿ ಬೇಡಿಕೊಳ್ಳುವುದೂ ಹೌದು. ಮೊದಲ ಅರ್ಥವನ್ನು ಮಾತ್ರ ಹಿಡಿದರೆ ಹಣವು ಬಡವರನ್ನು ತುಳಿಯುತ್ತದೆ ಎಂಬಷ್ಟಕ್ಕೆ ಕವಿತೆ ನಿಲ್ಲುತ್ತದೆ. ಎರಡನೆಯದನ್ನೂ ಸೇರಿಸಿಕೊಂಡರೆ, ಹಣವನ್ನು ಪೂಜಿಸಿ ಅಡ್ಡಬಿದ್ದವರೂ ಅದೇ ಕಾಲಿನ ಕೆಳಗೆ ಇದ್ದಾರೆ ಎಂದಾಗುತ್ತದೆ. ಕುಣಿಯುವವನು ಕುರುಡನಾದ್ದರಿಂದ ಭಕ್ತನೆಂದೂ ಬಡವನೆಂದೂ ಅವನಿಗೆ ಭೇದ ತಿಳಿಯದು. ಒಂದು ನುಡಿಗಟ್ಟಿನ ಎರಡು ಮುಖಗಳನ್ನು ಹೀಗೆ ವಿವರಿಸಿದ ನಾಲ್ಕು ಸಾಲುಗಳು, ಹಣದ ವ್ಯಾಮೋಹ ಒಳ್ಳೆಯದಲ್ಲ ಎಂದು ಬರೆದ ಒಂದು ಪುಟಕ್ಕಿಂತ ಹೆಚ್ಚು ಹೇಳುತ್ತವೆ.

ಇನ್ನು ಎಲ್ಲರಿಗೂ ಬಾಯಿಪಾಠವಾಗಿರುವ ವಚನಕ್ಕೆ ಬರೋಣ. ಬಾಯಿಪಾಠವಾದ ಪದ್ಯವೇ ಓದಲು ಹೆಚ್ಚು ಕಷ್ಟ ಎಂಬುದನ್ನು ಮೊದಲೇ ಒಪ್ಪಿಕೊಳ್ಳುವುದು ಒಳ್ಳೆಯದು, ನಾಲಗೆ ಓಡುವ ವೇಗಕ್ಕೆ ಬುದ್ಧಿ ಹಿಂದೆ ಬೀಳುತ್ತದೆ.

"ಉಳ್ಳವರು ಶಿವಾಲಯವ ಮಾಡುವರು
ನಾನೇನ ಮಾಡುವೆ ಬಡವನಯ್ಯಾ
ಎನ್ನ ಕಾಲೇ ಕಂಬ, ದೇಹವೇ ದೇಗುಲ,
ಶಿರವೇ ಹೊನ್ನ ಕಳಶವಯ್ಯಾ
ಕೂಡಲಸಂಗಮದೇವಾ ಕೇಳಯ್ಯಾ,
ಸ್ಥಾವರಕ್ಕಳಿವುಂಟು ಜಂಗಮಕ್ಕಳಿವಿಲ್ಲ."

ಮೊದಲು ಕ್ರಿಯಾಪದಗಳ ಕೆಳಗೆ ಗೆರೆ ಎಳೆಯಿರಿ. 'ಮಾಡುವರು', 'ಮಾಡುವೆ': ಒಂದೇ ಧಾತು, ಇಬ್ಬರು ಕರ್ತೃಗಳು. ಉಳ್ಳವರು ನಿಜಕ್ಕೂ ದೇವಾಲಯವನ್ನು ಮಾಡುವುದಿಲ್ಲ, ಮಾಡಿಸುತ್ತಾರೆ. ಆದರೆ ಹಣ ಹಾಕಿದವನೇ "ನಾನು ಮನೆ ಕಟ್ಟಿದೆ" ಎನ್ನುವುದು ಇಂದಿಗೂ ನಮ್ಮ ಆಡುಮಾತಿನ ರೂಢಿ. 'ಉಳ್ಳವರು' ಎಂಬ ಪದವೂ ಗಮನಾರ್ಹ. ಸಿರಿವಂತರು ಎಂದಿದ್ದರೆ ಸಿರಿಯ ವೈಭವ ನೆನಪಾಗುತ್ತಿತ್ತು, ಉಳ್ಳವರು ಎಂದಾಗ ಇದೆ ಮತ್ತು ಇಲ್ಲ ಎಂಬ ಬರಿಯ ಲೆಕ್ಕ ಮಾತ್ರ ಉಳಿಯುತ್ತದೆ.

'ನಾನೇನ ಮಾಡುವೆ' ಎಂಬುದನ್ನು ಎರಡು ದನಿಯಲ್ಲಿ ಗಟ್ಟಿಯಾಗಿ ಓದಿ ನೋಡಿ. ಒಂದು ದನಿಯಲ್ಲಿ ಅದು ಕೈಚೆಲ್ಲಿದವನ ಮಾತು, "ಬಡವ, ನನ್ನಿಂದ ಏನಾದೀತು?" ಎಂಬಂತೆ. ಇನ್ನೊಂದು ದನಿಯಲ್ಲಿ ಅದು ನಿಜವಾದ ಪ್ರಶ್ನೆ, "ಹಾಗಾದರೆ ನಾನು ಏನನ್ನು ಮಾಡಲಿ?" ಎಂದು. ಮುಂದಿನ ಸಾಲು ಎರಡನೆಯ ದನಿಗೆ ಉತ್ತರ ಕೊಡುತ್ತದೆ. ಅಂದರೆ ಅಸಹಾಯಕತೆಯಂತೆ ತೊಡಗಿದ ಮಾತು ಒಂದೇ ಉಸಿರಿನಲ್ಲಿ ಕಟ್ಟುವ ಕೆಲಸಕ್ಕೆ ಇಳಿದುಬಿಟ್ಟಿದೆ. ಕಟ್ಟುವ ಕ್ರಮವನ್ನೂ ನೋಡಿ: ಕಾಲು, ದೇಹ, ಶಿರ. ಗುಡಿಯನ್ನು ಕೆಳಗಿನಿಂದ ಮೇಲಕ್ಕೆ ಕಟ್ಟುವ ಹಾಗೆಯೇ ಮೈಯೂ ಪಾದದಿಂದ ನೆತ್ತಿಯವರೆಗೆ ಏರುತ್ತದೆ, ಕೊನೆಗೆ ಕಳಶ ಏರಿಸುತ್ತಾರೆ. ಆ ಕಳಶ ಹೊನ್ನಿನದು ಎಂಬಲ್ಲಿ ಬಡವನ ಕಿರುನಗೆಯೊಂದು ನನಗೆ ಯಾವಾಗಲೂ ಕೇಳಿಸುತ್ತದೆ. ಬಡತನದ ಮಾತಾಡಿದವನು ಕಲ್ಲಿನ ಕಳಶಕ್ಕೆ ತೃಪ್ತನಾಗಿಲ್ಲ.

ಅಲಂಕಾರದ ಪ್ರಶ್ನೆ ಬಂದಾಗ "ಇದು ರೂಪಕಾಲಂಕಾರ" ಎಂದು ಹೆಸರಿಟ್ಟು ಲಕ್ಷಣ ಬರೆದರೆ ಅಂಕ ದೊರೆಯುತ್ತದೆ, ಆ ಮಟ್ಟಿಗೆ ಅದು ಸರಿ. ಆದರೆ ಅರ್ಥೈಸುವಾಗ ಇನ್ನೊಂದು ಹೆಜ್ಜೆ ಇಡಬೇಕು: ಇಲ್ಲಿ ಉಪಮೆ ಏಕೆ ಬರಲಿಲ್ಲ? "ಕಾಲು ಕಂಬದಂತೆ" ಎಂದಿದ್ದರೆ ನಿಜವಾದ ಕಂಬ ಶಿವಾಲಯದಲ್ಲಿ ಉಳಿಯುತ್ತಿತ್ತು, ಬಡವನ ಕಾಲು ಅದರ ನಕಲಾಗುತ್ತಿತ್ತು. 'ಕಾಲೇ', 'ದೇಹವೇ', 'ಶಿರವೇ' ಎಂದು ಮೂರು ಬಾರಿ ಬರುವ ಅವಧಾರಣೆಯ 'ಏ'ಕಾರ ಆ ಕೀಳರಿಮೆಗೆ ಎಡೆಯನ್ನೇ ಕೊಡುವುದಿಲ್ಲ. ವ್ಯಾಕರಣದ ತರಗತಿಯಲ್ಲಿ ಅವ್ಯಯಗಳ ಪಟ್ಟಿಯಲ್ಲಿ ಕಲಿತು ಮರೆತ ಅವಧಾರಣೆಗೆ ಇಂಥ ಕೆಲಸವಿದೆ.

ಕೊನೆಯ ಸಾಲಿನಲ್ಲಿ ಒಂದು ತೊಡಕಿದೆ, ಅದನ್ನು ಸವರಿಕೊಂಡು ಹೋಗಬಾರದು. ಸ್ಥಾವರ ಎಂದರೆ ದೇವಾಲಯ, ಜಂಗಮ ಎಂದರೆ ದೇಹ ಎಂದು ಗೈಡುಗಳಲ್ಲಿ ಸಮೀಕರಣ ಬರೆದಿರುವುದುಂಟು. ಒಮ್ಮೆ ಪಾಠದ ನಡುವೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಸರ್, ಗುಡಿಗಿಂತ ಮೊದಲು ಮೈಯೇ ಅಲ್ಲವೇ ಸಾಯುವುದು?" ಎಂದು ಕೇಳಿದಳು. ನಾನು ಆ ವರ್ಷದವರೆಗೂ ಆ ಸಮೀಕರಣವನ್ನೇ ಕಪ್ಪುಹಲಗೆಯ ಮೇಲೆ ಬರೆಸುತ್ತಿದ್ದೆ. ಅವಳ ಪ್ರಶ್ನೆ ಸರಿಯಾದದ್ದು. ಕಲ್ಲಿನ ಗುಡಿ ನೂರಾರು ವರ್ಷ ನಿಲ್ಲುತ್ತದೆ, ಮನುಷ್ಯನ ಒಡಲು ಅಷ್ಟು ಕಾಲ ಬಾಳದು. ಆದ್ದರಿಂದ ಜಂಗಮವೆಂದರೆ ಒಡಲು ಎಂದಷ್ಟೇ ಹೇಳಿದರೆ ವಚನವೇ ಸುಳ್ಳಾಗುತ್ತದೆ. ಸ್ಥಾವರ ಎಂದರೆ ನಿಂತದ್ದು, ಜಂಗಮ ಎಂದರೆ ಚಲಿಸುವುದು. ಊರೂರು ತಿರುಗುವ ಶಿವಶರಣನಿಗೂ ಜಂಗಮನೆಂಬ ಹೆಸರಿದೆ. ಒಬ್ಬರಿಂದ ಒಬ್ಬರಿಗೆ ದಾಟುತ್ತ ಸಾಗುವ ಅರಿವು, ನಡೆ, ಚೈತನ್ಯಗಳಿಗೆ ಅಳಿವಿಲ್ಲ ಎಂದು ಓದಿದಾಗ ಸಾಲು ನಿಲ್ಲುತ್ತದೆ. ಆಗ ಉಳ್ಳವರ ಶಿವಾಲಯಕ್ಕೆ ಒದಗುವ ಗತಿಯೂ ತಿಳಿಯುತ್ತದೆ: ಅದನ್ನು ಯಾರೂ ಕೆಡವಬೇಕಾಗಿಲ್ಲ, ನಿಂತದ್ದೆಂಬ ಕಾರಣಕ್ಕೇ ಅದು ಅಳಿಯುತ್ತದೆ. ಸಂಪತ್ತನ್ನು ಕಲ್ಲಾಗಿಸಿ ಶಾಶ್ವತರಾಗಲು ಹೊರಟವರಿಗೆ ಕೊಟ್ಟ ಈ ಉತ್ತರವೇ ಈ ವಚನದ ಸಾಮಾಜಿಕ ಆಶಯ. ಸಮಾನತೆ ಎಂಬ ಪದದಲ್ಲಿ ಇದು ಅರ್ಧವೂ ಹಿಡಿಯುವುದಿಲ್ಲ.

ಕವಿಪರಿಚಯವನ್ನು ಎಷ್ಟು ಬಳಸಬೇಕು ಎಂಬ ಪ್ರಶ್ನೆಗೂ ಇದೇ ವಚನ ಉತ್ತರ ಕೊಡುತ್ತದೆ. ಹುಟ್ಟಿದ ಊರು, ಕಾಲ, ಅಂಕಿತ, ಬಿರುದು ಎಲ್ಲವನ್ನೂ ಉತ್ತರದ ಮೊದಲ ಆರು ಸಾಲಿಗೆ ತುಂಬುವುದು ವ್ಯರ್ಥ, ಪರಿಚಯ ಕೇಳಿದಾಗ ಅದನ್ನು ಬೇರೆಯಾಗಿ ಬರೆಯಬಹುದು. ಒಂದು ಸಾಲಿನ ಅರ್ಥವನ್ನು ಬದಲಿಸುವ ಸಂಗತಿಯನ್ನು ಮಾತ್ರ ಒಳಗೆ ಬಿಟ್ಟುಕೊಳ್ಳಿ. ಬಸವಣ್ಣ ಕಲ್ಯಾಣದಲ್ಲಿ ಕಳಚುರಿ ಬಿಜ್ಜಳನ ಭಂಡಾರಿಯಾಗಿದ್ದ, ಅಂದರೆ ರಾಜ್ಯದ ಬೊಕ್ಕಸವೇ ಅವನ ಕೈಯಲ್ಲಿತ್ತು. "ಬಸವಣ್ಣನವರು ಬಹಳ ಬಡವರಾಗಿದ್ದರು" ಎಂದು ಬರೆಯುವ ವಿದ್ಯಾರ್ಥಿ ಈ ಸಂಗತಿಯನ್ನು ಓದಿದ್ದರೂ ಸಾಲಿನ ಪಕ್ಕ ಇಟ್ಟು ನೋಡಿರುವುದಿಲ್ಲ. ವಚನದ 'ನಾನು' ಮತ್ತು ವಚನಕಾರ ಒಬ್ಬರೇ ಆಗಿರಬೇಕಿಲ್ಲ. ಭಂಡಾರಿಯಾದವನು ಉಳ್ಳವರ ಸಾಲಿನಲ್ಲಿ ನಿಲ್ಲದೆ ಇಲ್ಲದವರ ದನಿಯಲ್ಲಿ ಮಾತಾಡಲು ಆರಿಸಿಕೊಂಡಿದ್ದಾನೆ ಎಂದು ಬರೆದರೆ ಆ ಸಂಗತಿ ಸಾರ್ಥಕವಾಗುತ್ತದೆ.

ಕಥನಕಾವ್ಯಗಳಲ್ಲಿ ಓದುವ ರೀತಿ ಸ್ವಲ್ಪ ಬೇರೆ. ಅಲ್ಲಿ ಬಿಡಿ ಪದಗಳಿಗಿಂತ ಜಗಳ ಹೇಗೆ ತೀರ್ಮಾನವಾಯಿತು ಎಂಬುದನ್ನು ಹಿಡಿಯಬೇಕು. ಕನಕದಾಸರ "ರಾಮಧಾನ್ಯ ಚರಿತೆ" ಭಾಮಿನಿ ಷಟ್ಪದಿಯಲ್ಲಿದೆ. ಅದರಲ್ಲಿ ಭತ್ತವೂ, ನರೆದಲೆಗ ಎಂದು ಕರೆಯಲಾಗುವ ರಾಗಿಯೂ ತಮ್ಮಲ್ಲಿ ಯಾರು ಹೆಚ್ಚೆಂದು ರಾಮನ ಮುಂದೆ ವಾದಿಸುತ್ತವೆ. ಉಪನಯನದಲ್ಲಿ, ಮಂತ್ರಾಕ್ಷತೆಯಲ್ಲಿ ತನಗಿರುವ ಸ್ಥಾನವನ್ನು ಭತ್ತ ಹೇಳಿಕೊಳ್ಳುತ್ತದೆ. ನೀನು ಬಡವರನ್ನು ಕಣ್ಣೆತ್ತಿ ನೋಡದೆ ಬಲ್ಲಿದರ ಬೆನ್ನು ಹತ್ತುವವನು ಎಂದು ರಾಗಿ ತಿರುಗಿ ಬೀಳುತ್ತದೆ. ಭತ್ತ ಎಂದರೆ ಮೇಲುವರ್ಗ, ರಾಗಿ ಎಂದರೆ ಕೆಳವರ್ಗ ಎಂದು ಸಂಕೇತವನ್ನು ಬಿಡಿಸಿದೊಡನೆ ಕೆಲಸ ಮುಗಿಯಿತೆಂದು ಬಹಳ ಮಂದಿ ಪುಸ್ತಕ ಮುಚ್ಚುತ್ತಾರೆ. ಕಥೆಯ ಬುದ್ಧಿವಂತಿಕೆ ಇರುವುದು ಆಮೇಲೆ. ರಾಮ ಯಾರ ವಾದ ಗೆದ್ದಿತೆಂದು ಹೇಳದೆ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಹೊರಗೆ ತೆಗೆದಾಗ ಭತ್ತ ಕೆಟ್ಟಿರುತ್ತದೆ, ರಾಗಿ ಹಾಗೆಯೇ ಇರುತ್ತದೆ. ಕುಲದ ಹಿರಿಮೆಯನ್ನು ಮಾತಿನಿಂದ ಯಾರು ಎಷ್ಟು ಬೇಕಾದರೂ ಸಾಧಿಸಬಹುದು, ಕತ್ತಲ ಕೋಣೆಯಲ್ಲಿ ಕಾಲದ ಎದುರು ನಿಲ್ಲುವ ಸತ್ವವನ್ನು ಹಾಗೆ ಸಾಧಿಸಲಾಗದು. ರಾಗಿ ಹುಳ ಹಿಡಿಯದೆ ವರ್ಷಗಟ್ಟಲೆ ಕಣಜದಲ್ಲಿ ಉಳಿಯುತ್ತದೆ ಎಂಬುದು ರೈತರ ಮನೆಯ ಮಕ್ಕಳಿಗೆ ಹೊಸ ಸಂಗತಿಯಲ್ಲ, ಆ ಅನುಭವವೇ ಇಲ್ಲಿ ನ್ಯಾಯತೀರ್ಮಾನದ ಆಧಾರವಾಗಿದೆ.

ಹೊಸಗನ್ನಡದ ಆಶಾವಾದಿ ಪದ್ಯಗಳು ಸುಲಭವೆಂದು ತೋರುವುದರಿಂದಲೇ ಮೋಸ ಮಾಡುತ್ತವೆ. ಜಿ. ಎಸ್. ಶಿವರುದ್ರಪ್ಪನವರ "ಸಂಕಲ್ಪ ಗೀತೆ"ಯಲ್ಲಿ ಸಾಲುಸಾಲಿಗೂ ಹಚ್ಚೋಣ, ಕಟ್ಟೋಣ, ಬಿತ್ತೋಣ ಎಂಬ ಕ್ರಿಯಾಪದಗಳಿವೆ. 'ಹಚ್ಚಿರಿ' ಎಂದಿದ್ದರೆ ಅದು ಉಪದೇಶವಾಗುತ್ತಿತ್ತು, 'ಹಚ್ಚುವೆ' ಎಂದಿದ್ದರೆ ಒಬ್ಬನ ಶಪಥವಾಗುತ್ತಿತ್ತು. 'ಓಣ' ಎಂಬ ಪ್ರತ್ಯಯ ಹೇಳುವವನನ್ನೂ ಕೇಳುವವನನ್ನೂ ಒಂದೇ ಕೆಲಸಕ್ಕೆ ಹಚ್ಚುತ್ತದೆ. ಅದರಲ್ಲಿ "ಮನುಜರ ನಡುವಣ ಅಡ್ಡಗೋಡೆಗಳ ಕೆಡವುತ ಸೇತುವೆಯಾಗೋಣ" ಎಂಬ ಸಾಲಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಗೋಡೆ ಬಿದ್ದ ಮೇಲೆ ಸೇತುವೆ ಏತಕ್ಕೆ? ಗೋಡೆಯ ಬುಡದಲ್ಲಿ ಕಂದಕವೂ ಇದೆ ಎಂದು ಕವಿಗೆ ತಿಳಿದಿದೆ. ಅಡ್ಡಿಯನ್ನು ತೆಗೆದಮಾತ್ರಕ್ಕೆ ಎರಡು ಕಡೆಯ ಜನ ಕೂಡುವುದಿಲ್ಲ, ದಾಟಲು ಯಾರಾದರೂ ಮೈ ಚಾಚಬೇಕು. ಅದಕ್ಕಾಗಿಯೇ ಸೇತುವೆ ಕಟ್ಟೋಣ ಎನ್ನದೆ ಸೇತುವೆಯಾಗೋಣ ಎಂದಿದ್ದಾರೆ. 'ಕೆಡವಿ' ಎನ್ನದೆ 'ಕೆಡವುತ' ಎಂದಿರುವುದರಿಂದ ಎರಡು ಕೆಲಸಗಳೂ ಒಟ್ಟಿಗೆ ನಡೆಯಬೇಕು ಎಂಬ ಅರ್ಥವೂ ಸೇರುತ್ತದೆ.

ಇದಕ್ಕೆ ವಿರುದ್ಧ ತುದಿಯಲ್ಲಿ ಸಿದ್ಧಲಿಂಗಯ್ಯನವರ "ನನ್ನ ಜನಗಳು" ಕವಿತೆಯಿದೆ. 1975ರಲ್ಲಿ ಬಂದ "ಹೊಲೆಮಾದಿಗರ ಹಾಡು" ಸಂಕಲನದ ಕವಿತೆ ಇದು. "ಹಸಿವಿನಿಂದ ಸತ್ತೋರು, ಸೈಜುಗಲ್ಲು ಹೊತ್ತೋರು" ಎಂದು ತೊಡಗುವ ಇಲ್ಲಿ ಹುಡುಕಲು ರೂಪಕಗಳು ಹೆಚ್ಚಿಲ್ಲ, ಅಲಂಕಾರದ ಪಟ್ಟಿ ಹಿಡಿದು ಹೋದವರು ಬರಿಗೈಯಲ್ಲಿ ಬರುತ್ತಾರೆ. ಹಾಗಾದರೆ ನೋಡಬೇಕಾದದ್ದು ಭಾಷೆಯನ್ನು. ಸತ್ತವರು, ಹೊತ್ತವರು ಎಂಬ ಗ್ರಾಂಥಿಕ ರೂಪಗಳನ್ನು ಬಿಟ್ಟು ಕವಿ ಆಡುಮಾತಿನ 'ಓರು' ಹಿಡಿದಿದ್ದಾರೆ, ಏಕೆಂದರೆ ಯಾರ ಬದುಕಿನ ಮಾತು ನಡೆದಿದೆಯೋ ಅವರು ಆಡುವುದು ಹಾಗೆ. ಒಂದಾದ ಮೇಲೊಂದು ಬರುವ ಈ 'ಓರು'ಗಳು ಹಾಜರಿ ಪುಸ್ತಕದಲ್ಲಿ ಹೆಸರು ಕೂಗಿದಂತೆ ಕೇಳಿಸುತ್ತವೆ, ಹೆಸರುಗಳಿರಬೇಕಾದ ಜಾಗದಲ್ಲಿ ಕೆಲಸಗಳೂ ಏಟುಗಳೂ ಇವೆ. ಮುಂದೆ ಬಂಗಲೆ ಕಟ್ಟಿದವರೇ ತಳಾದಿಯಲ್ಲಿ ಸಿಕ್ಕಿಕೊಂಡವರು ಎಂಬ ಚಿತ್ರವೂ ಬರುತ್ತದೆ. ಈ ಕವಿತೆಯನ್ನು ಓದಿದ ಮೇಲೆ ಬಸವಣ್ಣನ ವಚನಕ್ಕೆ ಮರಳಿದರೆ, ಉಳ್ಳವರು 'ಮಾಡಿದ' ಶಿವಾಲಯದ ಕಲ್ಲು ಹೊತ್ತವರು ಯಾರು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಎರಡು ಪದ್ಯಗಳನ್ನು ಹೋಲಿಸಿ ಎಂದು ಕೇಳಿದಾಗ ಹೋಲಿಕೆಯ ಕೊಂಡಿ ಇಂಥ ಒಂದು ಕಲ್ಲಾಗಿರಲಿ.

ಇಂಥ ಕವಿತೆಗಳ ಬಗ್ಗೆ ಬರೆಯುವಾಗ ಜಾತಿಯ ಮಾತನ್ನು "ಕೆಲವು ಸಾಮಾಜಿಕ ಸಮಸ್ಯೆಗಳು" ಎಂದು ಮಸುಕು ಮಾಡುವ ಅಗತ್ಯವಿಲ್ಲ. ಕವಿ ಹೆಸರಿಟ್ಟು ಹೇಳಿದ್ದನ್ನು ನೀವು ಮುಚ್ಚಿ ಹೇಳಿದರೆ ಅದು ಸಭ್ಯತೆಯಾಗುವುದಿಲ್ಲ, ತಪ್ಪು ಸಾರಾಂಶವಾಗುತ್ತದೆ. ಹಾಗೆಯೇ "ಆ ಕಾಲದಲ್ಲಿ ಹೀಗಿತ್ತು, ಈಗ ಎಲ್ಲ ಸರಿಯಾಗಿದೆ" ಎಂದು ಪದ್ಯಕ್ಕೆ ಬೀಗ ಹಾಕುವ ಸಾಲನ್ನೂ ಕೈಬಿಡಿ, ಪದ್ಯ ಹೇಳದ ಮಾತು ಅದು.

ಉತ್ತರ ಬರೆಯುವ ಕ್ರಮ ಸರಳವಾದದ್ದು. ಪದ್ಯದಲ್ಲಿ ಯಾರು ಯಾರಿಗೆ ಏನು ಹೇಳುತ್ತಿದ್ದಾರೆ ಎಂಬುದು ಮೊದಲ ವಾಕ್ಯದಲ್ಲಿ ಬರಲಿ, ನಡುವೆ ಒಂದೆರಡು ಪದಗಳನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟು ಅವು ಮಾಡುವ ಕೆಲಸವನ್ನು ವಿವರಿಸಿ, ಮೌಲ್ಯದ ಹೆಸರನ್ನು ಕೊನೆಗೆ ಹೇಳಿ. ಲಕ್ಕಮ್ಮನ ವಚನಕ್ಕೆ ಹೀಗೆ ಬರೆಯಬಹುದು: "ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದ ಗಂಡ ಮಾರಯ್ಯನನ್ನು ಲಕ್ಕಮ್ಮ ಇಲ್ಲಿ ಪ್ರಶ್ನಿಸುತ್ತಾಳೆ. ಆಸೆ ಅರಸನಿಗಿರಬಹುದು, ಶಿವಭಕ್ತರಿಗೆ ಸಲ್ಲದು ಎನ್ನುವ ಅವಳು 'ಈಸಕ್ಕಿ' ಎಂಬ ಪದದಿಂದ ಅಗತ್ಯ ಮತ್ತು ಆಸೆಗಳ ನಡುವಿನ ಗೆರೆಯನ್ನು ತೋರಿಸುತ್ತಾಳೆ. ಅಗತ್ಯಕ್ಕಿಂತ ಹೆಚ್ಚು ಕೂಡಿಡುವುದು ದೇವರಿಗೆ ಒಪ್ಪಿಗೆಯಾಗದು, ಅದು ನಮ್ಮನ್ನು ದೇವರಿಂದ ದೂರ ಮಾಡುತ್ತದೆ ಎಂಬ ಅಪರಿಗ್ರಹದ ಮೌಲ್ಯ ಈ ವಚನದಲ್ಲಿದೆ." ಇದನ್ನು ಬೇರೆ ಯಾವ ಪದ್ಯಕ್ಕೂ ಅಂಟಿಸಲಾಗದು. ಸಂದರ್ಭ ಸಹಿತ ಸ್ವಾರಸ್ಯ ಕೇಳಿದಾಗ ಆಯ್ಕೆ ಮತ್ತು ಸಂದರ್ಭಗಳನ್ನು ಎರಡೆರಡು ವಾಕ್ಯಗಳಲ್ಲಿ ಮುಗಿಸಿ, ಉಳಿದ ಜಾಗವನ್ನೆಲ್ಲ ಸ್ವಾರಸ್ಯಕ್ಕೆ ಕೊಡಿ. ಸ್ವಾರಸ್ಯವೆಂದರೆ ಸಂದರ್ಭವನ್ನೇ ಇನ್ನೊಮ್ಮೆ ಹೇಳುವುದು ಎಂದು ಭಾವಿಸಿದವರು ಅಂಕ ಕಳೆದುಕೊಳ್ಳುತ್ತಾರೆ. ಹಳೆಯ ವಚನಗಳಿಗೆ ಪಾಠಾಂತರಗಳಿವೆ, ಕಳಶ ಎಂದೂ ಕಳಸ ಎಂದೂ ಅಚ್ಚಾಗಿರುತ್ತದೆ, ನಿಮ್ಮ ಪಠ್ಯಪುಸ್ತಕದಲ್ಲಿ ಇರುವ ರೂಪವನ್ನೇ ಬರೆಯಿರಿ.

ಅಪಠಿತ ಪದ್ಯ ಬಂದಾಗ ಕವಿಪರಿಚಯದ ಆಸರೆ ಇರುವುದಿಲ್ಲ, ಸಾಲುಗಳು ಮಾತ್ರ ಇರುತ್ತವೆ. ಅಭ್ಯಾಸಕ್ಕೆ ಸರ್ವಜ್ಞನ ಈ ತ್ರಿಪದಿಯನ್ನು ಇಟ್ಟುಕೊಳ್ಳಿ:

"ನಡೆವುದೊಂದೇ ಭೂಮಿ ಕುಡಿವುದೊಂದೇ ನೀರು
ಸುಡುವಗ್ನಿಯೊಂದೇ ಇರುತಿರಲು, ಕುಲಗೋತ್ರ
ನಡುವೆ ಎತ್ತಣದು ಸರ್ವಜ್ಞ."

ನಡೆ, ಕುಡಿ, ಸುಡು ಎಂಬ ಮೂರು ಧಾತುಗಳನ್ನು ಬರುವ ಕ್ರಮದಲ್ಲಿಯೇ ಒಂದರ ಕೆಳಗೊಂದು ಬರೆದುಕೊಳ್ಳಿ, ಸುಡುವ ಅಗ್ನಿ ಯಾವುದೆಂದು ಕೇಳಿಕೊಳ್ಳಿ. ಮೂರರಲ್ಲೂ ಮರುಕಳಿಸುವ ಡಕಾರ ಕೊನೆಯ ಸಾಲಿನ ಯಾವ ಪದದಲ್ಲಿ ಮತ್ತೆ ಕಾಣಿಸುತ್ತದೆ ಎಂದು ನೋಡಿ, ಆ 'ನಡುವೆ' ಎಂಬುದು ಯಾವುದರ ಮತ್ತು ಯಾವುದರ ನಡುವೆ ಎಂಬುದಕ್ಕೆ ನಾಲ್ಕು ವಾಕ್ಯಗಳ ಉತ್ತರವನ್ನು 'ಸಮಾನತೆ' ಎಂಬ ಪದವನ್ನು ಬಳಸದೆ ಬರೆಯಿರಿ.